ಕುದುರೆಮುಖಕ್ಕೆ ಜನ ಕರ್ಕೊಂಡು ಹೋಗೋದು: ನನ್ನ ಅನುಭವ

ನಾನು ಕಳಸದ ಕಡೆಯವ್ನು, ಸ್ವಲ್ಪ ಅಡಿಕೆ ಕಾಫಿ ಇದೆ, ಸೀಸನ್ನಲ್ಲಿ ಕುದುರೆಮುಖ ಪೀಕ್‌ಗೆ ಗೈಡ್ ಆಗಿ ಹೋಗ್ತೀನಿ. ಎಲ್ರೂ ಕೇಳೋದು ಮೇಲಿಂದ ಏನ್ ಕಾಣುತ್ತೆ ಅಂತ. ನನ್ ಕೆಲ್ಸದಲ್ಲಿ ಮುಕ್ಕಾಲು ಪಾಲು ಜನರನ್ನ ಒಂದೇ ದಾರೀಲಿ ನಡ್ಸೋದು, ಅಷ್ಟೇ.

ಯಾಕಂದ್ರೆ ಇಲ್ಲಿ ಬೀಳೋ ಮಳೆ ವರ್ಷಕ್ಕೆ 7000 ಮಿ.ಮೀ. ಹತ್ರ. ಬ್ಯಾಣದ (ಬೆಟ್ಟದ ಮೇಲಿನ ಹುಲ್ಲುಗಾವಲು) ಮೇಲೆ ಮಣ್ಣು ತೆಳು, ಹಿಡ್ಕೊಂಡಿರೋದು ಹುಲ್ಲಿನ ಬೇರು ಮಾತ್ರ. ನಾಲ್ಕು ಜನ ಶಾರ್ಟ್‌ಕಟ್ ಅಂತ ನೇರ ಇಳಿದ್ರು ಅಂದ್ಕೊಳಿ, ಅಲ್ಲಿ ಹುಲ್ಲು ಬೋಳಾಗುತ್ತೆ, ಮಳೆಗಾಲ ಬಂದ್ರೆ ಚರಂಡಿ ಆಗುತ್ತೆ, ಚರಂಡಿ ಜಾರುತ್ತೆ ಅಂತ ಮುಂದಿನ ವರ್ಷದವ್ರು ಅದರ ಪಕ್ಕ ನಡೀತಾರೆ, ಆಮೇಲೆ ಅದೂ ಚರಂಡಿ. ಹಿಂಗೇ ಒಂದಾಳು ಹೋಗೋ ಕಾಲುದಾರಿ ಜೀಪ್ ರೋಡಿನಷ್ಟು ಅಗಲ ಆಗಿರೋ ಜಾಗಗಳಿವೆ.

ನಾನು ಮಾಡೋದಿಷ್ಟು. ಗುಂಪಲ್ಲಿ ಎಲ್ರಿಗಿಂತ ನಿಧಾನ ಯಾರು ಅಂತ ಟ್ರೆಕ್ ಶುರುವಾಗೋ ಊರು ಮುಳ್ಳೋಡಿ ದಾಟೋದ್ರೊಳಗೆ ಗೊತ್ತಾಗುತ್ತೆ, ಅವ್ರನ್ನ ನನ್ ಹಿಂದೇನೇ ಇಟ್ಕೋತೀನಿ, ಜೋರಾಗಿ ನಡೆಯೋವ್ರು ಕೊನೇಲಿ. ಓವರ್‌ಟೇಕ್ ಮಾಡೋಕೆ ಹುಲ್ಲಿಗೆ ಇಳಿಯೋ ಪ್ರಶ್ನೇನೇ ಬರಲ್ಲ. ಕೆಲವರಿಗೆ ಮುಖ ಊದ್ಕೊಳ್ಳುತ್ತೆ, ಊದ್ಕೊಳ್ಳಲಿ. ನಿಲ್ಲೋದು ಬಂಡೆ ಮೇಲೆ, ಹಳ್ಳದ ಹತ್ರ, ಇಲ್ಲಾ ದಾರೀಲಿ ಸಿಗೋ ಒಂಟಿಮರ ಅನ್ನೋ ಜಾಗದ ಹತ್ರ, ಬೇರೆಲ್ಲೂ ಇಲ್ಲ. ಹೋಗಿ ಬರೋಕೆ ಸುಮಾರು 20 ಕಿ.ಮೀ., ಹಂಗಾಗಿ ಬೆಳಿಗ್ಗೆ ಬೇಗ ಹೊರಟ್ರೆ ಯಾರಿಗೂ ಅವಸರ ಇರಲ್ಲ, ಅವಸರ ಇಲ್ದಿದ್ರೆ ಶಾರ್ಟ್‌ಕಟ್ಟೂ ಇಲ್ಲ.

ಕಣಿವೇಲಿ ಶೋಲಾ ಕಾಡು (ಹುಲ್ಲುಗುಡ್ಡಗಳ ಮಧ್ಯದ ದಟ್ಟ ಕಾಡು) ಸಿಗುತ್ತಲ್ಲ, ಅಲ್ಲಿ ಬ್ಲೂಟೂತ್ ಸ್ಪೀಕರ್ ಕಂಡ್ರೆ ನಾನು ಮುಂದೆ ಹೆಜ್ಜೆ ಇಡಲ್ಲ. ಸದ್ದು ಬೇಡ, ಸಿಂಗಳೀಕ ಅನ್ನೋ ಕೋತಿ ಇರೋ ಕಾಡು ಇದು, ಅದು ನೆಲಕ್ಕಿಳಿಯೋದೇ ಅಪರೂಪ, ಮರದಿಂದ ಮರಕ್ಕೆ ಹೋಗೋಕೆ ಕಾಡು ಎಲ್ಲೂ ತುಂಡಾಗಿರಬಾರ್ದು. ಉಂಬಳಕ್ಕೆ (ಜಿಗಣೆ) ಮಾತ್ರ ಹೊಗೆಸೊಪ್ಪು ಸುಣ್ಣ ಕಲ್ಸಿ ಕಾಲಿಗೆ ಹಚ್ಕೊಳಿ, ಶಾಪಲ್ಲಿ ಸಿಗೋ ಸ್ಪ್ರೇಗಿಂತ ನಂಗೆ ಇದ್ರ ಮೇಲೇ ನಂಬಿಕೆ.

ಮೇಲೆ ಕೂತಾಗ ಗಣಿ ಕತೆ ಹೇಳ್ತೀನಿ, ಬೆಂಗಳೂರಿನ ಹುಡುಗ್ರು ಬಾಯ್ ಬಿಟ್ಕೊಂಡು ಕೇಳ್ತಾರೆ. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಶುರುವಾಯ್ತು, ಅದಿರನ್ನ ನೀರಲ್ಲಿ ಕಲ್ಸಿ ಪೈಪಲ್ಲೇ ಮಂಗಳೂರಿಗೆ ಕಳಿಸ್ತಿದ್ರು, ಉಳಿದ ಕೆಸರು ಲಕ್ಯಾ ಡ್ಯಾಮಲ್ಲಿ. ಗಣಿ ನಡೀತಿರೋವಾಗ್ಲೇ 1987ರಲ್ಲಿ ಸುಮಾರು 600 ಚದರ ಕಿ.ಮೀ. ನ್ಯಾಷನಲ್ ಪಾರ್ಕ್ ಆಯ್ತು. ಇದೇ ಬೆಟ್ಟಸಾಲಲ್ಲಿ ಗಂಗಾಮೂಲ, ತುಂಗಾ ಭದ್ರಾ ನೇತ್ರಾವತಿ ಹುಟ್ಟೋ ಜಾಗ. ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೇಲಿ ಗಣಿ ನಿಂತ್ತು. ಟೌನ್‌ಶಿಪ್ ಮನೆಗಳು ಖಾಲಿ ಬಿದ್ವು, ಕೆಲ್ಸ ಹೋದವ್ರ ಕಷ್ಟನೂ ನಿಜಾನೇ, ಅದನ್ನೂ ಹೇಳ್ತೀನಿ.

ಪಾರ್ಕ್ ಒಳಗೆ ಮಲೆಕುಡಿಯರು, ಗೌಡ್ಲುಗಳು ತಲೆಮಾರುಗಳಿಂದ ಇದಾರೆ. ಪರಿಹಾರ ತಗೊಂಡು ಹೊರಗೆ ಹೋದ ಮನೆಗಳಿವೆ, ಹೋಗಲ್ಲ ಅಂತ ಕೂತವ್ರೂ ಇದಾರೆ, ರೋಡು ಕರೆಂಟಿಗೆ ವರ್ಷಗಟ್ಟಲೆ ಓಡಾಡ್ತಾನೇ ಇದಾರೆ. ಹೋಗಬೇಕೋ ಇರಬೇಕೋ ಅಂತ ಟ್ರೆಕ್ಕಿಗೆ ಬಂದವ್ರು ತೀರ್ಪು ಕೊಡೋದು ನಂಗೆ ಸರಿ ಬರಲ್ಲ. ಬೇಸಿಗೇಲಿ ಬೆಂಕಿ ಬಿದ್ರೆ ಗಾರ್ಡ್‌ಗಳ ಜೊತೆ ಹಸಿ ಸೊಪ್ಪಿನ ಕೊಂಬೆ ಹಿಡ್ಕೊಂಡು ಓಡೋದು ಈ ಊರುಗಳ ಹುಡುಗ್ರೇ. ಮಳೆಗಾಲಕ್ಕೆ ಮುಂಚೆ ಹುಲ್ಲು ಒಣಗಿರುತ್ತೆ, ಗಾಳಿಗೆ ಗುಡ್ಡದಿಂದ ಗುಡ್ಡಕ್ಕೆ ಹಾರುತ್ತೆ, ಬೆಂಕಿ ದಾಟದಂಗೆ ಹುಲ್ಲು ತೆಗೆದು ಫೈರ್‌ಲೈನ್ ಸವರಿದ್ರೂ ಒಂದೊಂದ್ ಸಲ ದಾಟುತ್ತೆ. ಹುಲ್ಲೇನೋ ಮತ್ತೆ ಚಿಗುರುತ್ತೆ, ಶೋಲಾ ಅಂಚಿನ ಸಸಿಗಳು ಸುಟ್ರೆ ಮುಗೀತು. ಬೇಸಿಗೇಲಿ ಟ್ರೆಕ್ ಬಂದ್ ಮಾಡೋದು ಇದಕ್ಕೇನೇ, ನಂಗೆ ಸಂಪಾದನೆ ಇಲ್ದಿದ್ರೂ ಆ ನಿರ್ಧಾರ ಸರಿ ಅಂತೀನಿ.

ಬರೋರು ಆನ್‌ಲೈನ್ ಪರ್ಮಿಟ್ ಮಾಡ್ಸಿ ಬನ್ನಿ, ದಿನಕ್ಕೆ ಇಷ್ಟೇ ಜನ ಅಂತ ಲಿಮಿಟ್ ಇದೆ, ಗೇಟಲ್ಲಿ ಜಗಳ ಆಡಿ ಪ್ರಯೋಜನ ಇಲ್ಲ. ಪ್ಲಾಸ್ಟಿಕ್ ಬಿಟ್ಟು ಬನ್ನಿ, ಊಟ ಸ್ಟೀಲ್ ಡಬ್ಬಿಲಿ ಕಟ್ಸಿಕೊಳಿ, ಹೋಂಸ್ಟೇಯವ್ರಿಗೆ ಹಿಂದಿನ ರಾತ್ರಿನೇ ಹೇಳಿಟ್ರೆ ಮಾಡ್ಕೊಡ್ತಾರೆ. ಮೇಲೆ ಟೆಂಟ್ ಹಾಕೋಕೆ ಬಿಡ್ತಾರಾ ಅಂತ ಮೆಸೇಜ್ ಹಾಕ್ಬೇಡಿ, ಬಿಡಲ್ಲ.