ಮನೆಯಲ್ಲೇ ಹೊಡೆದ ರಬ್ಬರ್ ಕೋಟಿಂಗ್, ಒಂದೇ ಹಾಳೆಯಾಗಿ ಎದ್ದು ಬಂತು

ಕಾರಿನ ಪೇಂಟ್ ಮೇಲೆ ಹೊಡೆದು, ಬೇಡ ಅನ್ನಿಸಿದಾಗ ಸುಲಿದು ತೆಗೆಯುವ ರಬ್ಬರ್ ಪದರ ಇದು. ಹೊಡೆಯೋದು ಸುಲಭ, ಕೀಳುವಾಗ ಗೊತ್ತಾಗುತ್ತೆ ಅಂತ ಹೇಳದವರೇ ಇರಲಿಲ್ಲ. ಚೂರುಚೂರಾಗಿ ಬರುತ್ತೆ, ಪೇಂಟನ್ನೂ ಎಳ್ಕೊಂಡು ಬರುತ್ತೆ ಅಂತೆಲ್ಲ. ಹೆಚ್ಚುಕಡಿಮೆ ಎರಡು ವರ್ಷ ಬಿಸಿಲು ಮಳೆಯಲ್ಲಿ ಓಡಿಸಿದ ಮೇಲೆ ಈಗ ಕಿತ್ತಿದ್ದೇನೆ. ಬಾನೆಟ್ ಪೂರ್ತಿ ಒಂದೇ ಹಾಳೆಯಾಗಿ ಬಂತು. ಬಾಗಿಲುಗಳೂ ಹಾಗೇ ಬಂದವು. ಕೆಳಗಿನ ಕಂಪನಿ ಪೇಂಟ್ ಮೊದಲು ಹೇಗಿತ್ತೋ ಹಾಗೇ ಇದೆ. ಸ್ಪ್ರೇ ಗನ್ ಹಿಡಿದು, ಟೇಪ್ ಹಚ್ಚಿ ಅಭ್ಯಾಸ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ, ಹಾಗಾಗಿ ಗನ್ ಸೆಟ್ಟಿಂಗ್ ಪಾಠ ಇಲ್ಲಿಲ್ಲ.

ವಿಷಯ ಇರೋದೆಲ್ಲ ದಪ್ಪದಲ್ಲಿ. ಪೇಂಟ್ ಕೆಲಸದಲ್ಲಿ ಪಳಗಿದವರ ಕೈ ತೆಳ್ಳಗೆ ಹೊಡೆಯೋಕೆ ಕಲಿತಿರುತ್ತದೆ, ಕಡಿಮೆ ಮಾಲಲ್ಲಿ ಮುಚ್ಚಿಸಿದರೆ ಅದೇ ಜಾಣತನ. ಇಲ್ಲಿ ಅದೇ ಕೈ ಕೆಲಸ ಕೆಡಿಸುತ್ತದೆ. ಬಣ್ಣ ಕೂತಿತು, ಚೆನ್ನಾಗಿ ಕಾಣುತ್ತಿದೆ ಅಂತ ಮೂರು ಕೋಟಿಗೇ ನಿಲ್ಲಿಸಿದರೆ ಸುಲಿಯುವಷ್ಟು ಗಟ್ಟಿ ಪದರ ಆಗಿರುವುದೇ ಇಲ್ಲ. ಇದನ್ನು ನೋಡಲೆಂದೇ ಹಳೇ ವೀಲ್ ಕ್ಯಾಪ್‌ಗಳ ಮೇಲೆ ಎರಡು, ಮೂರು, ಐದು, ಏಳು ಕೋಟ್ ಅಂತ ಬೇರೆಬೇರೆಯಾಗಿ ಹೊಡೆದು ಬಿಸಿಲಿಗೆ ಬಿಟ್ಟಿದ್ದೆ. ಕೆಲವು ತಿಂಗಳಾದ ಮೇಲೆ ಎರಡು ಕೋಟಿಂದು ಉಗುರಿಗೆ ಪುಡಿಪುಡಿಯಾಗಿ ಬಂತು, ತುಕ್ಕು ಬಿಡಿಸೋಕೆ ಬಳಸುವ ಡಬ್ಲ್ಯೂಡಿ-40 ಎಣ್ಣೆ ಹಾಕಿ ಉಜ್ಜಿ ಉಜ್ಜಿ ಕೈ ಸೋತಿತು. ಮೂರರದ್ದು ಪಟ್ಟಿಪಟ್ಟಿಯಾಗಿ ಹರಿಯಿತು. ಐದರಿಂದ ಮೇಲೆ ಹಾಳೆ. ಇದರ ಮೇಲೆ ಏನು ವಾದ ಮಾಡ್ತೀರಿ?

ಹಾಗಾಗಿ ಕಾರಿಗೆ ಆರು, ಅಂಚುಗಳಿಗೆ ಇನ್ನೊಂದು ಜಾಸ್ತಿ. ಮೊದಲನೆಯದು ಮಾತ್ರ ಮಂಜು ಕೂತ ಹಾಗೆ, ಕೆಳಗಿನ ಬಣ್ಣ ಅರ್ಧಕ್ಕರ್ಧ ಕಾಣುತ್ತಲೇ ಇರಬೇಕು. ಅಲ್ಲೇ ಮುಚ್ಚಿಸಲು ಹೋದರೆ ಇಳಿಯುತ್ತದೆ. ಎರಡನೆಯದರಿಂದ ಒದ್ದೆಯಾಗಿ ಕೂರಬೇಕು. ಗನ್ ಒಂದು ಗೇಣು ದೂರ, ಪ್ರತಿ ಸಾಲೂ ಹಿಂದಿನದರ ಅರ್ಧದ ಮೇಲೆ. ಕೋಟ್‌ಗಳ ನಡುವೆ ಸುಮಾರು 20 ನಿಮಿಷ, ಮೋಡ ಇದ್ದರೆ ಅರ್ಧ ಗಂಟೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಗನ್ ಮುಟ್ಟಲೇಬೇಡಿ, ಕಪ್ಪು ಬಣ್ಣದ ಮೇಲೆ ಬಿಳಿಚಿದ ಹಾಗೆ ಮೋಡ ಕಟ್ಟುತ್ತದೆ.

ಈಗ ದುಡ್ಡು. ಮಧ್ಯಮ ಗಾತ್ರದ ಕಾರಿಗೆ, ನೆನಪಿದ್ದಂತೆ, 15 ಲೀಟರ್ ಹತ್ತಿರ ಹೋಯಿತು, ಅಂದರೆ ನಾಲ್ಕು ಗ್ಯಾಲನ್ ಡಬ್ಬ. ಪೂರ್ತಿ ಪೇಂಟ್ ಮಾಡಿಸೋಕೆ ಕೇಳಿದ್ದ ಮೊತ್ತದಲ್ಲಿ ಮೂರನೇ ಒಂದು ಭಾಗವೂ ಆಗಲಿಲ್ಲ, ಗನ್ನೂ ಸೇರಿಸಿ. ಆದರೆ ಸ್ಪ್ರೇ ಕ್ಯಾನಲ್ಲಿ ಇಡೀ ಕಾರು ಮಾಡ್ತೀನಿ ಅಂತ ಹೊರಡಬೇಡಿ. ಇಪ್ಪತ್ತು ಕ್ಯಾನ್ ದಾಟುತ್ತದೆ, ದುಡ್ಡೂ ಜಾಸ್ತಿ, ಬೆರಳೂ ಮರಗಟ್ಟುತ್ತದೆ, ಅದರಲ್ಲಿ ಬಣ್ಣ ಹರಡುವ ಅಗಲ ಸಣ್ಣದು, ಬಾನೆಟ್‌ನಂಥ ಅಗಲ ಜಾಗದಲ್ಲಿ ಪಟ್ಟೆಪಟ್ಟೆ ಕಾಣುತ್ತದೆ. ಕ್ಯಾನು ಗಾಲಿಗೆ, ಗ್ರಿಲ್‌ಗೆ, ಲೋಗೋಗೆ ಸರಿ. ಗಾಲಿ ಮಾಡುವಾಗ ಟೈರಿಗೆ ಟೇಪ್ ಹಚ್ಚುತ್ತಾ ಕೂರಬೇಡಿ, ಗಟ್ಟಿ ಕಾಗದದ ಚೀಟಿಗಳನ್ನು ರಿಮ್ಮಿಗೂ ಟೈರಿಗೂ ನಡುವೆ ಸುತ್ತಲೂ ಸಿಕ್ಕಿಸಿದರೆ ಸಾಕು. ಕ್ಯಾನನ್ನು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹನಿ ಸಣ್ಣಗೆ ಬೀಳುತ್ತದೆ. ಕುದಿಯೋ ನೀರಲ್ಲ, ಸಿಡಿಯುತ್ತದೆ.

ಟೇಪ್ ಮಾತ್ರ ಕೊನೆಯ ಕೋಟ್ ಹಸಿ ಇರುವಾಗಲೇ ಕೀಳಬೇಕು. ಒಣಗಿದ ಮೇಲೆ ಎಳೆದರೆ ಟೇಪಿನ ಜೊತೆ ಪಕ್ಕದ ರಬ್ಬರೂ ಹರಿದು ಬರುತ್ತದೆ. ಇಡೀ ಕಾರಿಗೆ ಒಬ್ಬರ ಕೈ ಸಾಲದು. ನಾನು ಹಿಂಬದಿ ಮುಗಿಸುತ್ತಿದ್ದಾಗ ತಮ್ಮ ಮುಂದಿನ ಟೇಪ್ ಕೀಳುತ್ತಾ ಬಂದ. ಗಾಜಿನ ಮೇಲೆ ಬಿದ್ದ ದೂಳು ತಲೆಕೆಡಿಸಿಕೊಳ್ಳುವಂಥದ್ದಲ್ಲ, ಬೆರಳಲ್ಲಿ ಉಜ್ಜಿದರೆ ಉರುಳಿ ಬರುತ್ತದೆ.

ಮೂಗಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಇದರಲ್ಲಿ ಇರೋದು ಬೇಗ ಹಾರುವ, ಬೆಂಕಿ ಹಿಡಿಯುವ ಸಾಲ್ವೆಂಟ್. ಬಟ್ಟೆ ಮಾಸ್ಕ್ ದೂಳಿಗಷ್ಟೇ, ಆವಿಗೆ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಹೊಡೆಯುವ ಜಾಗದ ಬಾಗಿಲು ತೆರೆದಿರಲಿ, ಹತ್ತಿರ ಬೆಂಕಿ, ಕಿಡಿ ಯಾವುದೂ ಇರಬಾರದು.

ಪೆಟ್ರೋಲ್ ಬಿದ್ದರೆ ಇದು ಮೆತ್ತಗಾಗುತ್ತದೆ, ಕಲೆ ನಿಲ್ಲುತ್ತದೆ. ಟ್ಯಾಂಕ್ ಮುಚ್ಚಳದ ಸುತ್ತ ನಾನು ಬೇರೆ ಪದಾರ್ಥವೊಂದನ್ನು ಮೇಲೆ ಹಚ್ಚಿ ನೋಡಿದೆ, ಎರಡು ವರ್ಷ ಕಲೆ ಆಗಲಿಲ್ಲ. ಅದೇನು ಅಂತ ಈಗ ಹೇಳಲ್ಲ, ಇನ್ನೊಂದು ಕಾರಿನ ಮೇಲೆ ನೋಡಿಯೇ ಹೇಳುತ್ತೇನೆ. ಕೊನೆಯ ಕೋಟ್‌ಗೆ ಮಾಲನ್ನು ಎಷ್ಟು ತೆಳು ಮಾಡಿಕೊಂಡೆ ಅನ್ನೋದೂ ನನ್ನ ಹತ್ತಿರವೇ ಇರಲಿ, ಮೇಲ್ಮೈ ಅಷ್ಟು ನುಣ್ಣಗೆ ಬಂದಿದ್ದು ಅದರಿಂದಲೇ.

ಕೀಳುವ ದಿನ ಕಾರನ್ನು ಮೊದಲು ಬಿಸಿಲಲ್ಲಿ ನಿಲ್ಲಿಸಿ. ತಣ್ಣಗಿದ್ದರೆ ಹರಿಯುತ್ತದೆ, ಬೆಚ್ಚಗಿದ್ದರೆ ಹಿಗ್ಗುತ್ತಾ ಬರುತ್ತದೆ. ದಪ್ಪ ಇರುವ ಅಂಚಿನಿಂದ ಶುರು ಮಾಡಿ, ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು ನಿಧಾನವಾಗಿ ಎಳೆಯಿರಿ. ಪೇಂಟ್ ಎದ್ದು ಬರುತ್ತೆ ಅನ್ನೋ ಮಾತಿದೆಯಲ್ಲ, ಅದು ಕಂಪನಿ ಪೇಂಟಿಗಲ್ಲ. ಆಮೇಲೆ ಸರಿಯಾಗಿ ತಯಾರಿ ಮಾಡದೆ ಹೊಡೆಸಿದ ಪೇಂಟ್ ಇದ್ದರೆ ಏಳಬಹುದು, ಅಂಥ ಕಾರಿಗೆ ನಾನು ಹೊಡೆಯಲ್ಲ.

ನನ್ನದರಲ್ಲಿ ಚೂರಾಗಿ ಬಂದಿದ್ದು ಮುಂದಿನ ಬಂಪರಿನ ಕೆಳಭಾಗ ಮಾತ್ರ, ಕಲ್ಲು ಹೊಡೆದು ಹೊಡೆದು ತೂತಾಗಿತ್ತು. ಈಗ ಬೂದು ಬಣ್ಣದ ಡಬ್ಬಗಳು ಬಂದು ಕೂತಿವೆ, ಈ ಸಲ ಆ ಜಾಗಕ್ಕೆ ಎಂಟು ಕೋಟ್ ಹಾಕುತ್ತೇನೆ.