ಕೊನೆಯ ಮುಟ್ಟು ಯಾವ ಹಬ್ಬಕ್ಕೆ?

ತಾಯಿ ಕಾರ್ಡಿನಲ್ಲಿ ಒಂದು ಕಾಲಂ ಇದೆ: ಕೊನೆಯ ಮುಟ್ಟಿನ ಮೊದಲ ದಿನ. ಬರೆಯೋಕೆ ಅರ್ಧ ನಿಮಿಷ ಸಾಕು. ತುಮಕೂರು ಜಿಲ್ಲೆಯ ಒಂದು ಉಪಕೇಂದ್ರಕ್ಕೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಸೇರಿದ ಹೊಸದರಲ್ಲಿ ನಾನೂ ಅಷ್ಟರಲ್ಲೇ ಬರೆದು ಮುಗಿಸುತ್ತಿದ್ದೆ. ಈಗ ಆ ಒಂದು ತಾರೀಖಿಗೆ ಕಾಲು ಗಂಟೆ ಕೊಡುತ್ತೇನೆ. ಯಾಕೆ ಅಂತ ಹೇಳಬೇಕಾದರೆ 2014ರ ಒಂದು ಬಸುರಿಯಿಂದಲೇ ಶುರು ಮಾಡಬೇಕು.

ಆ ಹುಡುಗಿಗೆ ಚೊಚ್ಚಲು. ಆಗಸ್ಟ್ ಕೊನೆಯಲ್ಲಿ ಅತ್ತೆಯ ಜೊತೆ ಬಂದಳು. ಕೊನೆಯ ಸಲ ಮುಟ್ಟಾಗಿದ್ದು ಯಾವಾಗಮ್ಮ ಅಂತ ಕೇಳಿದೆ. ಉತ್ತರ ಕೊಟ್ಟಿದ್ದು ಅತ್ತೆ. 'ಹೊಸತೊಡಕಿನ ದಿನ ಇವಳು ಹೊರಗಾಗಿದ್ದಳು ಸಿಸ್ಟರ್. ಅಷ್ಟೂ ಜನಕ್ಕೆ ಬಾಡೂಟ ನಾನೊಬ್ಬಳೇ ಮಾಡಿದೆ.' ಆ ವರ್ಷ ಯುಗಾದಿ ಮಾರ್ಚ್ 31ಕ್ಕೆ, ಹೊಸತೊಡಕು ಏಪ್ರಿಲ್ 1ಕ್ಕೆ. ಹಬ್ಬದ ದಿನವಲ್ವಾ, ತಪ್ಪಾಗೋದಿಲ್ಲ ಅಂದುಕೊಂಡು ಬರೆದೆ. ಏಳು ದಿನ ಕೂಡಿಸಿ, ಮೂರು ತಿಂಗಳು ಹಿಂದಕ್ಕೆ ಹೋಗಿ, ಹೆರಿಗೆಯ ದಿನ ಜನವರಿ 8 ಅಂತ ಲೆಕ್ಕ ಹಾಕಿದೆ. ಹುಡುಗಿ ತಲೆ ಬಗ್ಗಿಸಿಕೊಂಡು ಕೂತಿದ್ದಳು. ಒಂದು ಮಾತೂ ಆಡಲಿಲ್ಲ.

ಡಿಸೆಂಬರ್ 13ರ ರಾತ್ರಿ ಅವಳಿಗೆ ನೋವು ಬಂತು. ಕಾರ್ಡಿನ ಪ್ರಕಾರ 36 ವಾರ ದಾಟಿತ್ತು. ಅಷ್ಟು ವಾರ ಆಗಿದ್ದರೆ ಯಾರೂ ಗಾಬರಿ ಬೀಳೋದಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಬೆಳಗಿನ ಹೊತ್ತಿಗೆ ಹೆರಿಗೆಯಾಯಿತು. ಮಗು ಉಸಿರಿಗೆ ಒದ್ದಾಡುತ್ತಿತ್ತು. ನವಜಾತ ಶಿಶುಗಳ ಘಟಕದ ಡಾಕ್ಟರು ಅಂಗಾಲಿನ ಗೆರೆ, ಕಿವಿಯ ಗಟ್ಟಿತನ, ಬೆನ್ನ ಮೇಲಿನ ನವಿರು ಕೂದಲು ಎಲ್ಲ ನೋಡಿ, ಇದು 32-33 ವಾರದ ಮಗು ಅಂದರು.

ಮೂರನೇ ದಿನ ಹೋಗಿ ಹುಡುಗಿಯ ಪಕ್ಕದಲ್ಲಿ ಕೂತು ಮತ್ತೆ ಕೇಳಿದೆ. ಆಗ ಅತ್ತೆ ಅಲ್ಲಿರಲಿಲ್ಲ. ಅವಳು ಹೇಳಿದ್ದು ಇಷ್ಟು: ಏಪ್ರಿಲ್ ಕೊನೆಗೆ ತವರಿನ ಜಾತ್ರೆಗೆ ಹೋಗಿದ್ದಳು. ಅಲ್ಲೂ ಮುಟ್ಟಾಗಿತ್ತು. ಅದು ಅತ್ತೆಗೆ ಹೇಗೆ ಗೊತ್ತಾಗಬೇಕು? ಅತ್ತೆ ತಾನು ಕಂಡಿದ್ದನ್ನು ಹೇಳಿದ್ದರು. ನಾನು ಕೇಳಬೇಕಾದವಳನ್ನು ಕೇಳಲಿಲ್ಲ. ಅಷ್ಟೇ.

ಆ ನಾಲ್ಕು ವಾರಕ್ಕೆ ಇಷ್ಟು ಸಂಕಟಪಡೋದು ಯಾಕೆ ಅನ್ನಿಸಬಹುದು. ಹೊಟ್ಟೆಯೊಳಗೆ ಮಗುವಿನ ಶ್ವಾಸಕೋಶ ತಯಾರಾಗೋದು ಎಲ್ಲಕ್ಕಿಂತ ಕೊನೆಗೆ. ಗಾಳಿಗೂಡುಗಳು ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ಒಳಗೆ ಒಂದು ಜಾರುವ ಪದಾರ್ಥ ಬೇಕು. ಅದಕ್ಕೆ ಸರ್ಫ್ಯಾಕ್ಟೆಂಟ್ ಅಂತಾರೆ. 24 ವಾರದ ಆಸುಪಾಸಿನಲ್ಲಿ ಅದು ಊರೋಕೆ ಶುರುವಾಗುತ್ತದೆ, ಸಾಕಷ್ಟು ಆಗೋದು 35ನೇ ವಾರದ ಹೊತ್ತಿಗೆ. 34 ವಾರದೊಳಗೇ ಹೆರಿಗೆ ಆಗುವ ಹಾಗಿದ್ದರೆ ತಾಯಿಗೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಡುತ್ತಾರೆ. 12 ಗಂಟೆಗೊಂದರಂತೆ ನಾಲ್ಕು. ಅದು ಮಗುವಿನ ಶ್ವಾಸಕೋಶವನ್ನು ಬೇಗ ಹದಕ್ಕೆ ತರುತ್ತದೆ. ಕಾರ್ಡಿನಲ್ಲಿ 36 ಅಂತ ಇದ್ದಿದ್ದರಿಂದ ಆ ಇಂಜೆಕ್ಷನ್ನಿನ ಮಾತೇ ಬರಲಿಲ್ಲ. ನಾನು ಕಳಿಸುವ ಮುಂಚೆ ಒಂದಾದರೂ ಕೊಟ್ಟು ಕಳಿಸಬಹುದಿತ್ತು.

ಮಗು 18 ದಿನ ಆ ಘಟಕದಲ್ಲಿತ್ತು. ಉಳಿಯಿತು. ಅದರ ಉಸಿರಾಟ ನೋಡುತ್ತಾ ಗಾಜಿನ ಈಚೆ ನಿಂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಅವಳ ಹೊಟ್ಟೆ ನನಗೆ ನಿಜ ಹೇಳಿತ್ತು, ನಾನೇ ಕೇಳಿಸಿಕೊಳ್ಳಲಿಲ್ಲ. ತರಬೇತಿಯಲ್ಲಿ ನಮಗೆ ಕಲಿಸಿದ ಲೆಕ್ಕ ಹೀಗಿದೆ: 12 ವಾರಕ್ಕೆ ಗರ್ಭಕೋಶ ಕಿಬ್ಬೊಟ್ಟೆಯ ಮೂಳೆಯ ಮೇಲೆ ಕೈಗೆ ಸಿಗುತ್ತದೆ. 24ಕ್ಕೆ ಹೊಕ್ಕುಳಿಗೆ ಬರುತ್ತದೆ. 36ಕ್ಕೆ ಎದೆಗೂಡಿನ ಕೆಳತುದಿ ಮುಟ್ಟುತ್ತದೆ. ಡಿಸೆಂಬರ್ ಮೊದಲ ವಾರದ ತಪಾಸಣೆಯಲ್ಲಿ ಅದು ಆ ತುದಿಗಿಂತ ಒಳ್ಳೇ ಮೂರು ಬೆರಳು ಕೆಳಗಿತ್ತು. ಮಗು ಸಣ್ಣದಿರಬೇಕು ಅಂದುಕೊಂಡೆ. ತಾರೀಖೇ ತಪ್ಪಿರಬಹುದು ಅಂತ ತಲೆಗೆ ಹೊಳೆಯಲಿಲ್ಲ. ಕೈ ಒಂದು ಹೇಳಿ ಕಾರ್ಡು ಇನ್ನೊಂದು ಹೇಳಿದರೆ ಮೊದಲು ಕಾರ್ಡನ್ನೇ ಅನುಮಾನಿಸಬೇಕು. ಇದನ್ನು ಈಗ ಆಶಾ ಕಾರ್ಯಕರ್ತೆಯರಿಗೂ ಹೇಳಿಕೊಟ್ಟಿದ್ದೇನೆ.

ಅಂದಿನಿಂದ ಕೇಳುವ ರೀತಿಯನ್ನೇ ಬದಲಾಯಿಸಿದೆ. ಜೊತೆಗೆ ಬಂದವರನ್ನು ಬಿಪಿ ನೋಡಿಸಿಕೊಳ್ಳೋಕೆ ಆಚೆ ಕೂರಿಸುತ್ತೇನೆ. ಅವರಿಗೂ ಅದು ಬೇಕಾದದ್ದೇ. ಬಾಗಿಲು ಮುಂದೆ ಮಾಡಿ, ಗೋಡೆಯ ಕ್ಯಾಲೆಂಡರ್ ಬಿಚ್ಚಿ ಹುಡುಗಿಯ ತೊಡೆ ಮೇಲಿಡುತ್ತೇನೆ. ಹಳೇ ವರ್ಷದ್ದೂ ಒಂದು ಬೀರುವಿನಲ್ಲಿರುತ್ತದೆ. ಇಂಗ್ಲಿಷ್ ತಾರೀಖು ನೆನಪಿರೋದು ಕಮ್ಮಿ. ಹಬ್ಬ, ಅಮಾವಾಸ್ಯೆ, ಶ್ರಾವಣ ಶನಿವಾರ, ನಾದಿನಿ ಮದುವೆ, ಸಂಘದ ಕಂತು ಕಟ್ಟಿದ ದಿನ, ಇವು ನೆನಪಿರುತ್ತವೆ. ಅದರಲ್ಲೂ ಹಬ್ಬದ ದಿನ ಮುಟ್ಟಾಗಿದ್ದರೆ ಯಾರೂ ಮರೆಯೋದಿಲ್ಲ. ದೇವರ ಮನೆಗೆ ಹೋಗಲಿಲ್ಲ, ಎಡೆ ಇಡಲಿಲ್ಲ ಅನ್ನೋ ಬೇಜಾರು ಮನಸ್ಸಿನಲ್ಲಿ ಉಳಿದುಬಿಟ್ಟಿರುತ್ತದೆ.

ಒಂದು ತಪ್ಪು ಮಾತ್ರ ಪದೇ ಪದೇ ಆಗುತ್ತದೆ. ತಾರೀಖು ಕೇಳಿದರೆ ತುಂಬಾ ಹೆಂಗಸರು ತಲೆಗೆ ನೀರು ಹಾಕಿಕೊಂಡ ದಿನ ಹೇಳುತ್ತಾರೆ. ಅವರ ಮಟ್ಟಿಗೆ ಲೆಕ್ಕಕ್ಕಿರುವ ದಿನ ಅದೇ, ಅವತ್ತೇ ಅಡುಗೆಮನೆಗೆ ವಾಪಸ್ ಬರೋದು. ನಮಗೆ ಬೇಕಾದ್ದು ಶುರುವಾದ ದಿನ. ನಾಲ್ಕೈದು ದಿನದ ವ್ಯತ್ಯಾಸ ಅಲ್ಲೇ ಬಂದುಬಿಡುತ್ತದೆ. ಹಾಗಾಗಿ 'ಮೊದಲು ಕಂಡಿದ್ದು ಯಾವತ್ತು, ನೀರು ಹಾಕಿಕೊಂಡಿದ್ದು ಯಾವತ್ತು' ಅಂತ ಎರಡನ್ನೂ ಬೇರೆ ಬೇರೆ ಕೇಳುತ್ತೇನೆ. ಎಂದಿನ ಹಾಗೆ ಹೋಯಿತಾ, ಬರೀ ಕಲೆ ಕಂಡಿತಾ ಅಂತಲೂ ಕೇಳಬೇಕು. ಬಸಿರು ನಿಂತ ಮೇಲೂ ಕೆಲವರಿಗೆ ಮುಟ್ಟಿನ ಹೊತ್ತಿಗೆ ಸ್ವಲ್ಪ ರಕ್ತ ಕಾಣಿಸುತ್ತದೆ. ಅದನ್ನೇ ಮುಟ್ಟು ಅಂದುಕೊಂಡರೆ ಲೆಕ್ಕ ಒಂದು ತಿಂಗಳು ಹಿಂದೆ ಬೀಳುತ್ತದೆ. ಮುಟ್ಟು 35 ದಿನಕ್ಕೊಮ್ಮೆ ಬರುವವಳಿಗೆ ಅಂಡ ಬಿಡುಗಡೆ ಆಗೋದೂ ತಡ, ಒಂದು ವಾರದಷ್ಟು. ಇನ್ನು ಮೊದಲ ಮಗುವಿಗೆ ಹಾಲು ಕೊಡುತ್ತಿರುವಾಗಲೇ, ಮುಟ್ಟೇ ಆಗದೆ ಮತ್ತೆ ಬಸುರಿಯಾದವರಿಗೆ ತಾರೀಖೇ ಇರೋದಿಲ್ಲ. ಅಂಥವರನ್ನು ತಡ ಮಾಡದೆ ಸ್ಕ್ಯಾನಿಂಗಿಗೆ ಕಳಿಸುತ್ತೇನೆ.

ಲೆಕ್ಕ ಸರಿಯಿದ್ದೂ ಮನೆ ಹೊತ್ತಿಕೊಂಡು ಉರಿಯಬಹುದು ಅಂತ ತಿಳಿದಿದ್ದು 2019ರ ಜನವರಿಯಲ್ಲಿ. ಒಬ್ಬ ಹೆಂಗಸಿನ ಕಾರ್ಡಿನಲ್ಲಿ ಅಕ್ಟೋಬರ್ 24 ಅಂತ ಬರೆದಿದ್ದೆ. ಜನವರಿ 2ಕ್ಕೆ ಸರಿಯಾಗಿ 10 ವಾರ. ಗಂಡ ಬೆಂಗಳೂರಿನಲ್ಲಿ ಹೋಟೆಲ್ ಕೆಲಸಕ್ಕಿದ್ದ. ಗಣೇಶನ ಹಬ್ಬಕ್ಕೆ ಬಂದು ಹೋದವನು ಮತ್ತೆ ಬಂದಿದ್ದು ದೀಪಾವಳಿಗೆ, ನವೆಂಬರ್ 5ಕ್ಕೆ. ಯಾರೋ ಓದು ಬಲ್ಲವರು ಕಾರ್ಡ್ ನೋಡಿ ಎಣಿಸಿದ್ದಾರೆ. ಮಾರನೇ ದಿನ ಅತ್ತೆ ನನ್ನ ಮುಂದೆ ನಿಂತಿದ್ದರು. 'ಹತ್ತು ವಾರ ಅಂದ್ರೆ ಎರಡು ತಿಂಗಳ ಮೇಲೆ ಹತ್ತು ದಿನ. ನನ್ನ ಮಗ ಬಂದು ಇನ್ನೂ ಎರಡು ತಿಂಗಳೇ ತುಂಬಿಲ್ಲ. ಇದೇನಮ್ಮ ಇದು?' ಸೊಸೆ ಬಾಗಿಲ ಹತ್ತಿರ ಗೋಡೆಗೊರಗಿ ಅಳುತ್ತಿದ್ದಳು.

ನಾನು ಅವರನ್ನು ಕೂರಿಸಿ ಕೇಳಿದೆ, 'ಅಜ್ಜಿ, ರಾಗಿ ಎಷ್ಟು ದಿನದ ಬೆಳೆ ಅಂತ ಎಲ್ಲಿಂದ ಎಣಿಸ್ತೀರಿ?' ಬಿತ್ತಿದ ದಿನದಿಂದ ಅಂದರು. 'ಬಸಿರಲ್ಲಿ ಬಿತ್ತಿದ ದಿನ ಯಾರ ಕಣ್ಣಿಗೂ ಕಾಣಲ್ಲ. ಕಾಣೋದು ಉತ್ತ ದಿನ ಮಾತ್ರ. ಮುಟ್ಟು ಅಂದ್ರೆ ಉಳುಮೆ. ಅದಕ್ಕೇ ಡಾಕ್ಟರುಗಳು ಉತ್ತ ದಿನದಿಂದ ಎಣಿಸ್ತಾರೆ. ಮೊದಲ ಎರಡು ವಾರ ಹೊಟ್ಟೇಲಿ ಮಗುವೇ ಇರಲ್ಲ.'

ಆಮೇಲೆ ಕ್ಯಾಲೆಂಡರ್ ತೆಗೆದು ಬೆರಳಿಟ್ಟು ತೋರಿಸಿದೆ. ಅಕ್ಟೋಬರ್ 24ಕ್ಕೆ ಮುಟ್ಟು. ತಿಂಗಳಿಗೆ ಸರಿಯಾಗಿ ಆಗುವವಳಿಗೆ 14ನೇ ದಿನದ ಹತ್ತಿರ ಅಂಡ ಬಿಡುಗಡೆ. ಅಂದರೆ ನವೆಂಬರ್ 6-7, ಸರಿಯಾಗಿ ದೀಪಾವಳಿಯ ದಿನಗಳು. ಅಂಡ ಬದುಕಿರೋದು ಒಂದು ದಿನ ಮಾತ್ರ. ಗಂಡಸಿನ ವೀರ್ಯಾಣು ಒಳಗೆ ಐದು ದಿನದವರೆಗೂ ಕಾಯಬಲ್ಲದು. ಎರಡೂ ಸೇರಿದ ಮೇಲೆ ಆ ಒಂದು ಕಣ ಎರಡಾಗಿ, ನಾಲ್ಕಾಗಿ ಒಡೆಯುತ್ತಾ ನಳಿಕೆಯಲ್ಲಿ ಇಳಿದು ಬಂದು, ಸುಮಾರು ಒಂದು ವಾರಕ್ಕೆ ಗರ್ಭಕೋಶದ ಗೋಡೆ ಹಿಡಿಯುತ್ತದೆ. 'ನಿಮ್ಮ ಮೊಮ್ಮಗು ದೀಪಾವಳಿಗೇ ಬಂದಿದ್ದು ಅಜ್ಜಿ, ಕಾರ್ಡೂ ಅದನ್ನೇ ಹೇಳ್ತಿದೆ' ಅಂದೆ. ಅವರು ಕ್ಯಾಲೆಂಡರಿನ ಮೇಲೆ ತಾವೇ ಎರಡು ಸಲ ಎಣಿಸಿದರು. ಆಮೇಲೆ ಎದ್ದು ಹೋಗಿ ಸೊಸೆಯ ಕಣ್ಣು ಒರೆಸಿದರು. ಅವತ್ತಿನಿಂದ ಪ್ರತಿ ಕಾರ್ಡ್ ಕೊಡುವಾಗಲೂ ಈ ಎರಡು ವಾರದ ವಿಷಯವನ್ನು ಮನೆಯವರ ಎದುರಿಗೇ ಬಿಡಿಸಿ ಹೇಳುತ್ತೇನೆ. ಇದನ್ನು ಹೇಳದೆ ಕಾರ್ಡ್ ಕೊಡೋದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಬೇಗ ಬಂದು ಹೆಸರು ಬರೆಸಿ ಅಂತ ನಾನು ಗೋಗರೆಯೋದಕ್ಕೂ ಈ ಲೆಕ್ಕವೇ ಕಾರಣ. ಮಗುವಿನ ಮೆದುಳು, ಬೆನ್ನುಹುರಿ ಆಗಬೇಕಾದ ನಳಿಕೆ ಗರ್ಭ ಕಟ್ಟಿದ 28 ದಿನಕ್ಕೆಲ್ಲ ಮುಚ್ಚಿಕೊಳ್ಳುತ್ತದೆ. ನಮ್ಮ ಕಾರ್ಡಿನ ಲೆಕ್ಕದಲ್ಲಿ ಅದು 6ನೇ ವಾರ. ಅಂದರೆ ಮುಟ್ಟು ತಪ್ಪಿ ಎರಡು ವಾರ ಆಗಿರುತ್ತದೆ, ಅಷ್ಟೇ. ಹೃದಯ ಅಷ್ಟರಲ್ಲಿ ಬಡಿಯೋಕೆ ಶುರು ಮಾಡಿರುತ್ತದೆ. ಮಗು ಇನ್ನೂ ಹೆಸರುಕಾಳಿನಷ್ಟು. ಆ ನಳಿಕೆ ಸರಿಯಾಗಿ ಮುಚ್ಚಿಕೊಳ್ಳೋಕೆ ಫೋಲಿಕ್ ಆಸಿಡ್ ಬೇಕು. ಮೂರು ತಿಂಗಳು ತುಂಬಲಿ, ಆಮೇಲೆ ಹೇಳಿದರಾಯಿತು ಅಂತ ಗುಟ್ಟಾಗಿಟ್ಟುಕೊಂಡು ಬರುವವರಿಗೆ ಆ ಮಾತ್ರೆ ಕೊಡುವ ಹೊತ್ತೇ ಮೀರಿರುತ್ತದೆ. ದೃಷ್ಟಿ ತಾಗುತ್ತದೆ ಅನ್ನೋ ಭಯ ನನಗೆ ಅರ್ಥವಾಗುತ್ತದೆ. ಅದಕ್ಕೆ ಹೊಸದಾಗಿ ಮದುವೆಯಾಗಿ ಬಂದವರ ಮನೆಗೆ ನಾನೇ ಹೋಗುತ್ತೇನೆ. ಮಗು ಬೇಕು ಅಂತಿದ್ದರೆ ಈಗಿನಿಂದಲೇ ದಿನಕ್ಕೊಂದು ನುಂಗು ಅಂತ ಮಾತ್ರೆ ಕೊಟ್ಟು ಬರುತ್ತೇನೆ. ಆಶಾ ಹತ್ತಿರ ಬಸಿರು ಹೌದೋ ಅಲ್ಲವೋ ಅಂತ ನೋಡುವ ನಿಶ್ಚಯ್ ಕಿಟ್ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ, ಮನೆಯಲ್ಲೇ ನೋಡಿಕೊಳ್ಳಬಹುದು ಅಂತಲೂ ಹೇಳುತ್ತೇನೆ.

ಸ್ಕ್ಯಾನಿಂಗ್ ಕೂಡ ಹಾಗೇ. ಮೊದಲ ಮೂರು ತಿಂಗಳಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಬೆಳೆಯುತ್ತವೆ. ಆಗ ತಲೆಯಿಂದ ಕುಂಡೆಯವರೆಗಿನ ಉದ್ದ ಅಳೆದರೆ ದಿನದ ಲೆಕ್ಕ ಒಂದು ವಾರದೊಳಗಿನ ವ್ಯತ್ಯಾಸದಲ್ಲಿ ಸಿಕ್ಕಿಬಿಡುತ್ತದೆ. 12 ವಾರಕ್ಕೆ ಅದು ಐದೂವರೆ ಸೆಂಟಿಮೀಟರ್ ಆಸುಪಾಸು. ಆಮೇಲೆ ಒಂದೊಂದು ಮಗು ಒಂದೊಂದು ಥರ. ಏಳು ತುಂಬಿ ಎಂಟರಲ್ಲಿ ಬಿದ್ದ ಮೇಲೆ ಮಾಡಿದ ಸ್ಕ್ಯಾನಿಂಗ್ ನಂಬಿ ತಾರೀಖು ತಿದ್ದೋದು ನನಗೆ ಸರಿ ಕಾಣೋದಿಲ್ಲ. ಮೂರು ವಾರದವರೆಗೂ ಆಚೀಚೆ ಆಗಬಹುದು. ಸ್ಕ್ಯಾನಿಂಗ್ ಸಿಗದೇ ಇದ್ದ ಕಾಲದಲ್ಲಿ ಮಗು ಮೊದಲು ಮಿಸುಕಾಡಿದ ದಿನ ಕೇಳುತ್ತಿದ್ದೆವು. ಈಗಲೂ ಕೇಳುತ್ತೇನೆ. ಚೊಚ್ಚಲಿಗೆ 18ರಿಂದ 20 ವಾರ, ಎರಡನೆಯದಕ್ಕೆ ಸ್ವಲ್ಪ ಮುಂಚೆ.

ಈಗ ಕಾರ್ಡಿನ ಹಿಂದೆ ಒಂದು ಸಾಲು ಜಾಸ್ತಿ ಬರೆಯುತ್ತೇನೆ. ತಾರೀಖು ಯಾರು ಹೇಳಿದರು, ಹೇಗೆ ನೆನಪಿತ್ತು ಅಂತ. ಹೋದ ವರ್ಷ ಜೂನ್‌ನಲ್ಲಿ ಒಂದು ರಾತ್ರಿ ಹೆರಿಗೆ ವಾರ್ಡಿನಿಂದ ಡ್ಯೂಟಿ ಡಾಕ್ಟರು ಫೋನ್ ಮಾಡಿದರು. 'ಸಿಸ್ಟರ್, ಇಲ್ಲಿ 6-9-2024, ತಾನೇ ಹೇಳಿದ್ದು, ಗೌರಿ ಹಬ್ಬ, ಬಾಗಿನ ಕೊಡಲಿಲ್ಲ ಅಂತ ಬರೆದಿದ್ದೀರಲ್ಲ, ಹಾಗಂದ್ರೇನು?' ಬೆಳಿಗ್ಗೆ ಎದ್ದಾಗಲೇ ಮುಟ್ಟಾಗಿತ್ತು ಸಾರ್, ಅದಕ್ಕೇ ಬಾಗಿನ ಕೊಡೋಕೆ ಆಗಲಿಲ್ಲವಂತೆ ಅಂದೆ. 'ಹಾಗಾದ್ರೆ ದಿನ ಪಕ್ಕಾ' ಅಂದರು ಅವರು. ಲೆಕ್ಕದ ಪ್ರಕಾರ ಹೆರಿಗೆ ಜೂನ್ 13ಕ್ಕೆ ಇತ್ತು. 9ನೇ ತಾರೀಖು ಬೆಳಗಿನ ಜಾವ ಆಯಿತು. ಮಗು ಹುಟ್ಟುತ್ತಲೇ ಜೋರಾಗಿ ಅತ್ತಿತಂತೆ.