ಹಳೆಯ ಡೆಕ್ ಲಿಸ್ಟ್ ಎತ್ತಿಡುವಾಗ ಒಮ್ಮೆ ಕೂಡಿ ನೋಡಿ

ಮ್ಯಾಜಿಕ್: ದ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟದ ಹಳೆಯ ಟೂರ್ನಮೆಂಟ್ ಡೆಕ್ ಲಿಸ್ಟ್‌ಗಳನ್ನು (ಯಾವ ಕಾರ್ಡ್ ಎಷ್ಟು ಅನ್ನೋ ಪಟ್ಟಿ) ಟೈಪ್ ಮಾಡಿ ಎತ್ತಿಡುತ್ತಿದ್ದೀರಾ? ಸೇವ್ ಒತ್ತುವ ಮುಂಚೆ ಎಡಗಡೆಯ ಅಂಕಿಗಳನ್ನೆಲ್ಲ ಕೂಡಿ. ಮುಖ್ಯ ಡೆಕ್ 60, ಸೈಡ್‌ಬೋರ್ಡ್ (ಆಟಗಳ ನಡುವೆ ಬದಲಿಸಿಕೊಳ್ಳಲು ಪಕ್ಕಕ್ಕಿಟ್ಟ ಕಾರ್ಡ್‌ಗಳು) 15 ಬಂದರೆ ಸರಿ. ಬರಲಿಲ್ಲ ಅಂದ್ರೆ ಸಾಮಾನ್ಯವಾಗಿ ಎಲ್ಲೋ ಸಾಲು ಬಿಟ್ಟಿದೆ, ಇಲ್ಲವೇ ಅಂಕಿ ತಪ್ಪಿದೆ. ಮಸುಕು ಸ್ಕ್ಯಾನ್‌ನಲ್ಲಿ 3 ಮತ್ತು 8 ಒಂದೇ ಥರ ಕಾಣುತ್ತವೆ ಅಲ್ವಾ? 18 ಮೌಂಟನ್ ಕಾರ್ಡ್ ಇದ್ದದ್ದನ್ನು 13 ಅಂತ ಹೊಡೆದರೆ ಮೊತ್ತ 55ಕ್ಕೆ ನಿಲ್ಲುತ್ತದೆ, ಅಲ್ಲೇ ಸಿಕ್ಕಿಬೀಳುತ್ತದೆ. ಕನಿಷ್ಠ 60 ಕಾರ್ಡ್ ಇರಬೇಕು ಅನ್ನೋದು ನಿಯಮ. ಜಾಸ್ತಿ ಹಾಕಿದಷ್ಟೂ ಒಳ್ಳೆ ಕಾರ್ಡ್ ಕೈಗೆ ಬರುವುದು ಕಡಿಮೆ, ಹಾಗಾಗಿ ಹೆಚ್ಚಿನವರು 60ಕ್ಕೇ ನಿಲ್ಲಿಸುತ್ತಾರೆ. ಸೈಡ್‌ಬೋರ್ಡ್ ವಿಷಯದಲ್ಲಿ ಸ್ವಲ್ಪ ಹುಷಾರು: 2013ರ ಜುಲೈಗಿಂತ ಮುಂಚೆ ಅದು 15 ಇರಬೇಕಿತ್ತು, ಇಲ್ಲವೇ ಇರಲೇಬಾರದಿತ್ತು. ಆಮೇಲೆ 15ರವರೆಗೆ ಎಷ್ಟಾದರೂ ಆಗಬಹುದು. 2020ರಲ್ಲಿ ಬಂದ ಯೋರಿಯನ್ ಅನ್ನೋ ಕಾರ್ಡ್ ಇಟ್ಟುಕೊಂಡು ಆಡುವ ಡೆಕ್‌ನಲ್ಲಿ 80 ಇದ್ದರೂ ತಪ್ಪಲ್ಲ. ಡ್ರಾಫ್ಟ್, ಸೀಲ್ಡ್ (ಅಲ್ಲೇ ಪ್ಯಾಕ್ ಒಡೆದು ಸಿಕ್ಕ ಕಾರ್ಡ್‌ಗಳಿಂದ ಡೆಕ್ ಕಟ್ಟುವ ಆಟಗಳು) ಲಿಸ್ಟ್‌ಗಳಿಗೆ 40 ಲೆಕ್ಕ. ಕಾರ್ಡ್‌ನ ಹೆಸರು ತಪ್ಪಿದ್ದರೆ ಮಾತ್ರ ಈ ಲೆಕ್ಕ ಏನೂ ಹೇಳುವುದಿಲ್ಲ. ಹಳೆಯ ಆಟಗಾರರು ಸುಮ್ನೆ ‘ಟಿಮ್’, ‘ಬಾಬ್’ ಅಂತ ಗೀಚಿರುತ್ತಾರೆ. ಮೊದಲನೆಯದು ಪ್ರಾಡಿಗಲ್ ಸಾರ್ಸರರ್, ಎರಡನೆಯದು ಡಾರ್ಕ್ ಕಾನ್ಫಿಡಂಟ್. ಅಡ್ಡಹೆಸರನ್ನು ಅಳಿಸಬೇಡಿ, ಪಕ್ಕದಲ್ಲೇ ಪೂರ್ತಿ ಹೆಸರು ಸೇರಿಸಿ.